ಗ್ರಾಫೈಟ್ ಚಿತ್ರವನ್ನು ಕೊನೆ ಮುಟ್ಟಿಸುವ ಬಗೆ: ಒಂದು ಕೈಯಾಲೆ ಕಲಿಸಿದ ಪಾಠಗಳು

ಗ್ರಾಫೈಟ್ ಚಿತ್ರ, ಎಂದರೆ ಪೆನ್ಸಿಲ್ ಚಿತ್ರ, ಕಲಿಯುತ್ತಿರುವವರ ಕಡತವನ್ನು ತೆರೆದು ನೋಡಿದರೆ ಅದರಲ್ಲಿ ಅರ್ಧಕ್ಕೆ ನಿಂತ ಹಾಳೆಗಳೇ ಹೆಚ್ಚಾಗಿರುತ್ತವೆ. ಒಂದರಲ್ಲಿ ಮುಖದ ಒಂದು ಕಣ್ಣು ಮಾತ್ರ ಪೂರ್ಣಗೊಂಡಿರುತ್ತದೆ, ಇನ್ನೊಂದರಲ್ಲಿ ಮರದ ಒಂದು ಕೊಂಬೆಗಷ್ಟೇ ಎಲೆ ಬಂದಿರುತ್ತದೆ, ಉಳಿದದ್ದೆಲ್ಲ ತೆಳುಗೆರೆಗಳಲ್ಲೇ ನಿಂತಿರುತ್ತದೆ. ನನ್ನ ಕಡತವೂ ಹಲವು ವರ್ಷ ಹೀಗೆಯೇ ಇತ್ತು. ಮೇಲಿಂದ ಮೇಲೆ ಹೊಸ ಚಿತ್ರಗಳನ್ನು ಆರಂಭಿಸುವುದರಿಂದ ಅಳತೆ, ಅನುಪಾತ ಮತ್ತು ಗೆರೆಯ ಹಿಡಿತ ಒಲಿಯುತ್ತವೆ ಎಂಬುದು ನಿಜ. ಆದರೆ ಕಡುಗಪ್ಪನ್ನು ಎಲ್ಲಿಡಬೇಕು, ಯಾವ ಅಂಚನ್ನು ಕರಗಿಸಬೇಕು, ಕಾಗದ ಎಷ್ಟು ಪದರಗಳನ್ನು ತಾಳಿಕೊಳ್ಳುತ್ತದೆ, ಕೈಯನ್ನು ಯಾವಾಗ ಎತ್ತಬೇಕು ಎಂಬುದನ್ನೆಲ್ಲ ಕಲಿಸುವುದು ಚಿತ್ರದ ಉತ್ತರಾರ್ಧ ಮಾತ್ರ. ನಾವು ಕೈಬಿಡುವುದೂ ಸರಿಯಾಗಿ ಅಲ್ಲಿಯೇ.

ಕಳೆದ ಮಳೆಗಾಲದಲ್ಲಿ, ಜೂನ್ ಮೊದಲ ವಾರದಿಂದ ಸೆಪ್ಟೆಂಬರ್ ಆರಂಭದ ಕೈಲ್‌ಮುಹೂರ್ತ ಹಬ್ಬದವರೆಗೆ, ನಾನು ಕೊಡಗಿನ ಒಂದು ಐನ್‌ಮನೆಯ (ಮನೆತನದ ಮೂಲಮನೆಯ) ಕೈಯಾಲೆಯನ್ನು, ಎಂದರೆ ಮುಂಭಾಗದ ಜಗಲಿಯನ್ನು, ಎ3 ಅಳತೆಯ ಹಾಳೆಯಲ್ಲಿ ಬರೆದು ಮುಗಿಸಿದೆ. ಆ ಕೆಲಸದ ಹಂತಗಳನ್ನೂ ಪ್ರತಿ ಹಂತದಲ್ಲಿ ತಿಳಿದುಬಂದದ್ದನ್ನೂ ಇಲ್ಲಿ ಅನುಕ್ರಮವಾಗಿ ಬರೆದಿದ್ದೇನೆ. ತಪ್ಪಿದ್ದನ್ನು ಮುಚ್ಚಿಟ್ಟಿಲ್ಲ, ಏಕೆಂದರೆ ಬೇರೆಯವರಿಗೆ ಹೆಚ್ಚು ಉಪಯೋಗಕ್ಕೆ ಬರುವ ಭಾಗ ಅದೇ.

1. ಮುಗಿಸಬಹುದಾದ ವಿಷಯವನ್ನು ಆರಿಸಿ

ಮುಗಿಸಲೇಬೇಕೆಂದು ಕೈಗೆತ್ತಿಕೊಳ್ಳುವ ಚಿತ್ರಕ್ಕೆ ವಿಷಯ ಚಿಕ್ಕದಾಗಿರಲಿ. ಇಡೀ ಮನೆ ಬೇಡ, ಅದರ ಒಂದು ಮೂಲೆ ಸಾಕು. ಇಡೀ ತೋಟ ಬೇಡ, ಒಂದು ಗಿಡದ ಒಂದು ಕೊಂಬೆ ಸಾಕು. ಅದು ಮತ್ತೆ ಮತ್ತೆ ಹೋಗಿ ನೋಡಬಹುದಾದ, ಎರಡು ಮೂರು ತಿಂಗಳಲ್ಲಿ ರೂಪ ಬದಲಿಸದ ವಸ್ತುವಾಗಿರುವುದೂ ಮುಖ್ಯ. ಕೊಯ್ದು ತಂದ ಕಾಫಿ ಕೊಂಬೆ ನೀವು ಮೂರನೆಯ ಎಲೆಗೆ ಬರುವಷ್ಟರಲ್ಲಿ ಬಾಡಿ ಜೋಲುಬಿದ್ದಿರುತ್ತದೆ. ಮಳೆಗಾಲದಲ್ಲಿ ತೋಟದೊಳಗೇ ಕುಳಿತು ಬರೆಯುತ್ತೇನೆಂದು ಹೊರಟರೆ ಚಿತ್ರಕ್ಕಿಂತ ಜಿಗಣೆಗಳ ಕಡೆಗೇ ಗಮನ ಹೋಗುತ್ತದೆ ಎಂಬುದು ಬೇರೆ ಮಾತು.

ಹೊಸಬರಿಗೆ ಮಡಿಕೇರಿ ಕೋಟೆಯ ಆವರಣದಲ್ಲಿರುವ ಎರಡು ಗಾರೆ ಆನೆಗಳನ್ನು ನಾನು ಸೂಚಿಸುತ್ತೇನೆ. ಅವು ಅಲುಗಾಡುವುದಿಲ್ಲ, ಮೈಮೇಲೆ ಬಣ್ಣಗಳ ಗೊಂದಲವಿಲ್ಲ, ದೊಡ್ಡ ದುಂಡನೆಯ ಆಕಾರದ ಮೇಲೆ ಬೆಳಕು ಹೇಗೆ ಹೊರಳಿ ನೆರಳಾಗುತ್ತದೆ ಎಂಬುದು ಕಣ್ಣಿಗೆ ನೇರವಾಗಿ ಕಾಣುತ್ತದೆ. ಮರದ ಕೆತ್ತನೆಯನ್ನು ಬರೆಯುವ ಆಸೆಯುಳ್ಳವರಿಗೆ ಕಕ್ಕಬ್ಬೆಯ ಹತ್ತಿರ, ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ, ದೊಡ್ಡವೀರರಾಜೇಂದ್ರನು 1792ರ ಸುಮಾರಿಗೆ ಕಟ್ಟಿಸಿದ ನಾಲ್ಕುನಾಡು ಅರಮನೆ ಇದೆ.

ನಾನು ಆರಿಸಿಕೊಂಡದ್ದು ಇಷ್ಟು: ಕೈಯಾಲೆಯ ಎರಡು ಮರದ ಕಂಬಗಳು, ಅವುಗಳ ನಡುವೆ ಹಿರಿಯರು ಕೂರುವ ಮರದ ಹಲಗೆಯಾದ ಐಮರ, ಹಿಂದೆ ಅರ್ಧ ತೆರೆದ ಬಾಗಿಲಿನ ಕತ್ತಲು, ಆ ಕತ್ತಲಿನೊಳಗೆ ಮಸುಕಾಗಿ ಕಾಣುವ ಹಿತ್ತಾಳೆಯ ತೂಗುದೀಪ. ಮನೆಯ ಪಟ್ಟೆದಾರರ, ಎಂದರೆ ಮನೆತನದ ಹಿರಿಯ ಯಜಮಾನರ, ಒಪ್ಪಿಗೆ ಕೇಳಿ, ವಾರಕ್ಕೊಂದು ದಿನ ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ ಅಲ್ಲಿ ಕೂರುವುದೆಂದು ಗೊತ್ತುಮಾಡಿಕೊಂಡೆ. ಫೋಟೋ ತೆಗೆದುಕೊಂಡರೂ ಅದನ್ನೊಂದನ್ನೇ ನಂಬಬಾರದು. ಮೊಬೈಲ್ ಕ್ಯಾಮೆರಾ ಬಾಗಿಲಿನೊಳಗಿನ ಕತ್ತಲನ್ನು ಒಂದೇ ಕಪ್ಪು ತೇಪೆಯನ್ನಾಗಿ ಮಾಡುತ್ತದೆ, ಅಥವಾ ಒಳಗಿನದನ್ನು ತೋರಿಸಲು ಹೋಗಿ ಹೊರಗಿನ ಆಕಾಶವನ್ನು ಬೆಳ್ಳಗೆ ಸುಟ್ಟುಬಿಡುತ್ತದೆ. ಆ ಕತ್ತಲಿನೊಳಗೆ ದೀಪದ ಸರಪಳಿ ಎಲ್ಲಿ ಮುಗಿಯುತ್ತದೆ ಎಂಬುದು ಕಣ್ಣಿಗೆ ಕಂಡಿತೇ ಹೊರತು ಫೋಟೋದಲ್ಲಿ ಎಂದೂ ಕಾಣಲಿಲ್ಲ.

ದೊಡ್ಡ ಹಾಳೆಯನ್ನು ಮುಟ್ಟುವ ಮೊದಲು ಬೆಂಕಿಪೊಟ್ಟಣದಷ್ಟು ಚಿಕ್ಕ ಚೌಕದಲ್ಲಿ ಚಿತ್ರವನ್ನು ಮೂರೇ ಛಾಯೆಗಳಲ್ಲಿ, ಎಂದರೆ ಬಿಳಿ, ನಡುಬೂದು ಮತ್ತು ಕಪ್ಪಿನಲ್ಲಿ, ನಾಲ್ಕೈದು ಬಗೆಯಾಗಿ ಬರೆದು ನೋಡಿ. ಆ ಅಳತೆಯಲ್ಲಿ ಗಟ್ಟಿಯಾಗಿ ನಿಲ್ಲದ ಚಿತ್ರ ಎ3ರಲ್ಲಿ ಎಷ್ಟು ವಿವರ ತುಂಬಿದರೂ ನಿಲ್ಲುವುದಿಲ್ಲ.

2. ಕಾಗದವನ್ನು ಮಳೆಯಿಂದ ಕಾಪಾಡಿ

ಕೊಡಗಿನಲ್ಲಿ ಬರೆಯುವವರಿಗೆ ಈ ಹಂತ ಉಳಿದೆಲ್ಲದಕ್ಕಿಂತ ಮುಖ್ಯವೆಂದು ನನ್ನ ಅಭಿಪ್ರಾಯ, ಮತ್ತು ಬಯಲುಸೀಮೆಯಲ್ಲಿ ಕುಳಿತು ಬರೆದ ಕೈಪಿಡಿಗಳಲ್ಲಿ ಇದರ ಪ್ರಸ್ತಾಪವೇ ಇರುವುದಿಲ್ಲ. ಕಾಗದ ಗಾಳಿಯಲ್ಲಿರುವ ತೇವವನ್ನು ಹೀರುತ್ತದೆ. ಅದರ ನಾರುಗಳು ಉಬ್ಬುತ್ತವೆ. ಹಾಳೆ ಅಲೆಯಾಗಿ ಏಳುತ್ತದೆ. ಇದು ಎಲ್ಲರಿಗೂ ಕಾಣುವ ತೊಂದರೆ. ಕಾಣದ ತೊಂದರೆಯೆಂದರೆ ಕಾಗದದ ಮೈ ಮೆತ್ತಗಾಗುವುದು. ಮೆತ್ತಗಾದ ಕಾಗದದ ಮೇಲೆ ಗಟ್ಟಿ ಪೆನ್ಸಿಲ್ ಗೆರೆ ಎಳೆಯುವ ಬದಲು ತೋಡು ತೋಡುತ್ತದೆ, ರಬ್ಬರು ತಿಕ್ಕಿದಲ್ಲಿ ನಾರು ಎದ್ದು ನವಿರು ಬರುತ್ತದೆ, ಹಾಗೆ ಎದ್ದ ನಾರಿನ ಮೇಲೆ ಗ್ರಾಫೈಟ್ ಚುಕ್ಕೆ ಚುಕ್ಕೆಯಾಗಿ ಕೂರುತ್ತದೆ. ಎಷ್ಟೋ ವರ್ಷ ನಾನು ಇದಕ್ಕೆ ಪೆನ್ಸಿಲನ್ನೇ ದೂರುತ್ತಿದ್ದೆ. ಒಂದೇ ಹಾಳೆಯ ಎರಡು ತುಂಡುಗಳಲ್ಲಿ ಒಂದನ್ನು ಜುಲೈ ತಿಂಗಳಲ್ಲಿ ಮೇಜಿನ ಮೇಲೆ ಬಿಟ್ಟು, ಇನ್ನೊಂದನ್ನು ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಡನೆ ಡಬ್ಬಿಯಲ್ಲಿ ಮುಚ್ಚಿಟ್ಟು, ಎರಡರ ಮೇಲೂ ಅದೇ 2ಬಿ ಪೆನ್ಸಿಲಿನಿಂದ ಛಾಯೆ ಹಾಕಿ ನೋಡಿದ ಮೇಲೆ ದೂರು ನಿಂತಿತು. ನೀವೂ ಒಮ್ಮೆ ಮಾಡಿ ನೋಡಿ.

ಆದ್ದರಿಂದ ಕಾಗದವನ್ನು ಮಳೆ ಹಿಡಿಯುವ ಮೊದಲೇ, ಏಪ್ರಿಲ್ ತಿಂಗಳಲ್ಲೇ ತಂದಿಟ್ಟುಕೊಳ್ಳಿ. ದಪ್ಪ 200 ಜಿಎಸ್‌ಎಂಗೆ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಲೆಕ್ಕ) ಕಡಿಮೆ ಇಲ್ಲದಿರಲಿ. ಆಮ್ಲರಹಿತವೆಂದು ನಮೂದಿಸಿರುವುದನ್ನೇ ಕೇಳಿ ಪಡೆಯಿರಿ, ಏಕೆಂದರೆ ಅಗ್ಗದ ಮರತಿರುಳಿನ ಕಾಗದ ಹಳೆಯ ಪತ್ರಿಕೆಯಂತೆ ಹಳದಿಗಟ್ಟುತ್ತದೆ; ಗ್ರಾಫೈಟ್ ಮಾಸುವ ವಸ್ತುವಲ್ಲ, ಮುಪ್ಪಾಗುವುದು ಅದನ್ನು ಹೊತ್ತ ಕಾಗದ. ಮೈ ತೀರಾ ನುಣುಪಾಗಿದ್ದರೆ ನಾಲ್ಕನೆಯ ಪದರಕ್ಕೇ ಪೆನ್ಸಿಲ್ ಜಾರತೊಡಗುತ್ತದೆ, ತೀರಾ ಒರಟಾಗಿದ್ದರೆ ಚಿಕ್ಕ ವಿವರಗಳು ಹರಿದುಹೋಗುತ್ತವೆ; ಬೆರಳಿನಿಂದ ಸವರಿದಾಗ ಸಣ್ಣಗೆ ತಡೆ ಕೊಡುವ ಕಾಗದ ದೀರ್ಘ ಕೆಲಸಕ್ಕೆ ಒಳ್ಳೆಯದು.

ತಂದ ಹಾಳೆಗಳನ್ನು ಎರಡು ರಟ್ಟುಗಳ ನಡುವೆ ಸಮತಲವಾಗಿ, ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ, ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಿ, ಪೊಟ್ಟಣಗಳನ್ನು ಆಗಾಗ ಬದಲಿಸಿ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆಂದು ಅಲ್ಲಿಟ್ಟರೆ ಹಾಳೆಗೆ ಹೊಗೆಯ ಬಣ್ಣ ಹತ್ತುತ್ತದೆ. ಹಿಂದೆ ಬಟ್ಟೆಯ ಬೀರುವಿನೊಳಗೆ ಸಣ್ಣ ಬಲ್ಬನ್ನು ಉರಿಸಿ ಬೂಷ್ಟು ಬರದಂತೆ ಕಾಯುವ ರೂಢಿ ಮಲೆನಾಡಿನ ಮನೆಗಳಲ್ಲಿತ್ತು. ಈಗಿನ ಎಲ್‌ಇಡಿ ಬಲ್ಬಿಗೆ ಆ ಶಾಖವಿಲ್ಲವಾದ್ದರಿಂದ ಆ ಉಪಾಯ ನಡೆಯುವುದಿಲ್ಲ.

ಹಾಳೆಯನ್ನು ಬೋರ್ಡಿಗೆ ಹಚ್ಚುವಾಗ ನಾಲ್ಕೂ ಬದಿಗೆ ಟೇಪು ಬಿಗಿಯುವ ಅಭ್ಯಾಸ ಹಲವರಿಗಿದೆ. ಮಳೆಗಾಲದಲ್ಲಿ ಹಾಗೆ ಮಾಡಿದರೆ ಉಬ್ಬಿದ ಕಾಗದಕ್ಕೆ ಹಿಗ್ಗಲು ಜಾಗವಿಲ್ಲದೆ ನಡುವೆ ಡೊಗ್ಗಾಗಿ ಏಳುತ್ತದೆ. ದಪ್ಪ ಕಾಗದದಿಂದ ನಾಲ್ಕು ತ್ರಿಕೋನದ ಜೇಬುಗಳನ್ನು ಮಾಡಿ, ಅವುಗಳನ್ನು ಮಾತ್ರ ಬೋರ್ಡಿಗೆ ಅಂಟಿಸಿ, ಹಾಳೆಯ ನಾಲ್ಕು ಮೂಲೆಗಳನ್ನು ಅವುಗಳೊಳಗೆ ಸಿಕ್ಕಿಸುವುದು ಉತ್ತಮ. ಮಾಸ್ಕಿಂಗ್ ಟೇಪನ್ನು ಮೂರು ತಿಂಗಳು ಹಾಳೆಯ ಮೇಲೆಯೇ ಬಿಟ್ಟರೆ ಅದರ ಅಂಟು ಅಲ್ಲೇ ಉಳಿದು ಹೋಗುತ್ತದೆ ಎಂಬುದು ಇನ್ನೊಂದು ಕಾರಣ. ಅಂದಿನ ಕೆಲಸ ಮುಗಿದೊಡನೆ ಬೋರ್ಡನ್ನು ಹಾಳೆ ಸಮೇತ ಚೀಲದೊಳಗೆ ಸೇರಿಸಿ.

3. ಸೀಸದ ಕಡ್ಡಿಗಳ ಬಗ್ಗೆ ತಿಳಿಯಬೇಕಾದಷ್ಟು

ಪೆನ್ಸಿಲಿಗೆ ಕನ್ನಡದಲ್ಲಿ ಸೀಸದ ಕಡ್ಡಿ ಎಂದು ಹೆಸರಿದ್ದರೂ ಅದರಲ್ಲಿ ಸೀಸದ ಸುಳಿವಿಲ್ಲ. 16ನೆಯ ಶತಮಾನದಲ್ಲಿ ಇಂಗ್ಲೆಂಡಿನ ಬಾರೋಡೇಲ್‌ನಲ್ಲಿ ಶುದ್ಧ ಗ್ರಾಫೈಟ್ ದೊರೆತಾಗ ಜನ ಅದನ್ನು ಸೀಸದ ಒಂದು ಬಗೆಯೆಂದೇ ತಿಳಿದಿದ್ದರು. 1779ರಲ್ಲಿ ರಸಾಯನಶಾಸ್ತ್ರಜ್ಞ ಶೀಲೆ ಅದು ಇಂಗಾಲವೆಂದು ತೋರಿಸಿಕೊಟ್ಟರೂ ಹೆಸರು ಮಾತ್ರ ಉಳಿಯಿತು. ಚಿತ್ರಕಾರನಿಗೆ ಇದಕ್ಕಿಂತ ಮುಖ್ಯವಾದದ್ದು 1795ರಲ್ಲಿ ಫ್ರಾನ್ಸಿನ ನಿಕೊಲಾ ಜಾಕ್ ಕಾಂತೆ ಕಂಡುಕೊಂಡ ಕ್ರಮ: ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಬೆರೆಸಿ ಸುಡುವುದು. ಮಣ್ಣು ಹೆಚ್ಚಾದಷ್ಟೂ ಕಡ್ಡಿ ಗಟ್ಟಿ ಮತ್ತು ತಿಳಿ, ಅದು ಎಚ್ ಸಾಲು. ಗ್ರಾಫೈಟ್ ಹೆಚ್ಚಾದಷ್ಟೂ ಮೆದು ಮತ್ತು ಕಪ್ಪು, ಅದು ಬಿ ಸಾಲು. ಬಿ ಸಾಲಿನಲ್ಲಿ ಮೇಲೇರಿದಂತೆ ಕಪ್ಪಿನ ಜೊತೆಗೆ ಮಿರುಗೂ ಏರುತ್ತದೆ ಎಂಬುದನ್ನು ನೆನಪಿಡಿ. ಆ ಮಿರುಗಿನ ಕಾಟ ಐದನೆಯ ಹಂತದಲ್ಲಿ ಬರುತ್ತದೆ.

2ಎಚ್, ಎಚ್‌ಬಿ, 2ಬಿ, 4ಬಿ ಮತ್ತು ಇಂಗಾಲ ಬೆರೆತ ಮಿರುಗಿಲ್ಲದ ಕಪ್ಪು ಪೆನ್ಸಿಲ್ ಒಂದು, ಇಷ್ಟಿದ್ದರೆ ಸಾಕು. ದೊಡ್ಡ ಡಬ್ಬಿಯ ಇಪ್ಪತ್ತು ಪೆನ್ಸಿಲುಗಳು ಆರಿಸುವ ಹೊತ್ತನ್ನು ಹೆಚ್ಚಿಸುತ್ತವೆ. ಮೆಂಡರಿನ ಬದಲು ಬ್ಲೇಡಿನಿಂದ ಒಂದು ಸೆಂಟಿಮೀಟರಿನಷ್ಟು ಉದ್ದ ಮೊನೆ ಬರುವಂತೆ ಕೆತ್ತಿ, ಉಪ್ಪುಕಾಗದದ ಮೇಲೆ ತಿರುಗಿಸಿ ಹದ ಮಾಡಿ. ರಬ್ಬರುಗಳಲ್ಲಿ ಸಾಮಾನ್ಯವಾದದ್ದೊಂದು, ಹಿಟ್ಟಿನಂತೆ ನಾದಬಹುದಾದ ಮೆದು ರಬ್ಬರೊಂದು ಇರಲಿ.

4. ತೆಳುಗೆರೆ

ಎಚ್‌ಬಿಯಿಂದ, ಪೆನ್ಸಿಲಿನ ಭಾರವೊಂದನ್ನೇ ಕಾಗದದ ಮೇಲೆ ಬಿಟ್ಟು, ಮೊದಲು ದೊಡ್ಡ ಆಕಾರಗಳನ್ನು ಗುರುತಿಸಿ. ಕಂಬದ ಎತ್ತರಕ್ಕೆ ಎಷ್ಟು ಅಗಲ, ಎರಡು ಕಂಬಗಳ ನಡುವಿನ ಜಾಗದ ಆಕಾರವೇನು ಎಂಬುದನ್ನು ಕಂಬಕ್ಕಿಂತ ಮೊದಲು ನೋಡಿ. ಬರೆದ ಮೇಲೆ ಹಾಳೆಯನ್ನು ತಲೆಕೆಳಗು ಮಾಡಿ, ಕನ್ನಡಿಯಲ್ಲಿ ಹಿಡಿದು ಪರೀಕ್ಷಿಸಿ. ವಾಲಿದ ಕಂಬ ಅಲ್ಲಿ ಅಡಗಿಕೊಳ್ಳಲಾರದು.

ಇಲ್ಲಿ ನಾನು ಮಾಡಿದ ತಪ್ಪು ಚಿತ್ರದ ಕೊನೆಯವರೆಗೂ ನನ್ನನ್ನು ಕಾಡಿತು. ಎಡಗಂಬದ ಕೆತ್ತನೆಯ ನೀಳ ಪಟ್ಟಿಗಳನ್ನು ನೇರವಾಗಿ ಬರೆಯುವ ಹುರುಪಿನಲ್ಲಿ 2ಎಚ್ ಹಿಡಿದು, ಅಡಿಪಟ್ಟಿಗೆ ಒತ್ತಿ ಗೆರೆ ಎಳೆದೆ. ಅಂದು ಬೆಳಗ್ಗಿನಿಂದ ಬಿಡದೆ ಮಳೆ ಸುರಿಯುತ್ತಿತ್ತು, ಕಾಗದ ಮೆತ್ತಗಿತ್ತು. ಮೂರು ವಾರಗಳ ಮೇಲೆ ಅಲ್ಲಿ 2ಬಿಯ ಛಾಯೆ ಹಾಕುವಾಗ ಮೊನೆ ಆ ತೋಡುಗಳೊಳಗೆ ಇಳಿಯದೆ ಮೇಲಿಂದ ಮೇಲೆಯೇ ಜಾರಿ, ಕಪ್ಪಿನ ನಡುವೆ ಬಿಳಿ ಗೆರೆಗಳು ಎದ್ದು ನಿಂತವು. ಇದಕ್ಕೆ ಪೂರ್ಣ ಪರಿಹಾರವಿಲ್ಲ. ತೀರಾ ಚೂಪಾದ ಮೊನೆಯಿಂದ ತೋಡಿನ ಉದ್ದಕ್ಕೂ ಚುಕ್ಕೆ ಚುಕ್ಕೆಯಾಗಿ ತುಂಬಿ ಸ್ವಲ್ಪ ಮಟ್ಟಿಗೆ ಮರೆಸಬಹುದು, ಅಷ್ಟೇ. ಆದರೆ ಅದೇ ತಪ್ಪು ಬಲಗಡೆ ಉಪಾಯವಾಗಿ ಒದಗಿತು: ತೂಗುದೀಪದ ಸರಪಳಿಯ ಮೇಲಿನ ಸಣ್ಣ ಮಿಂಚುಗಳನ್ನು ಶಾಯಿ ತೀರಿದ ಬಾಲ್‌ಪೆನ್ನಿನ ರೀಫಿಲ್‌ನಿಂದ ಮೊದಲೇ ತೋಡಿಟ್ಟು, ಮೇಲೆ ಕಪ್ಪು ಹಾಯಿಸಿದಾಗ ಸರಪಳಿ ತಾನಾಗಿಯೇ ಬೆಳ್ಳಗೆ ಮೂಡಿತು. ಅಲ್ಲಿ ರಬ್ಬರಿನಿಂದ ಬಿಳಿ ತೆಗೆಯಲು ಹೋಗಿದ್ದರೆ ಅಷ್ಟು ಸಪೂರ ಬರುತ್ತಿರಲಿಲ್ಲ.

5. ಕಡುಗಪ್ಪನ್ನು ಮೊದಲೇ ನಿಗದಿ ಮಾಡಿ

ಬಿಳಿ ಹಾಳೆ ಕಣ್ಣನ್ನು ವಂಚಿಸುತ್ತದೆ. ಸುತ್ತ ಬೆಳ್ಳಗಿರುವಾಗ ಅದರ ಮೇಲೆ ಬಿದ್ದ ಮೊದಲ ಬೂದು ನಿಜಕ್ಕಿಂತ ಬಹಳ ಕಪ್ಪಾಗಿ ಕಾಣುತ್ತದೆ, ಬರೆಯುವವನು ಸಾಕೆಂದು ನಿಲ್ಲಿಸುತ್ತಾನೆ. ಮುಂದಿನ ಭಾಗವನ್ನು ಅದಕ್ಕೆ ಹೊಂದಿಸುತ್ತಾನೆ. ಕೊನೆಗೆ ಇಡೀ ಚಿತ್ರ ಕಾವಳ ಕವಿದಂತೆ ಒಂದೇ ಬೂದಿನಲ್ಲಿ ಮುಳುಗಿರುತ್ತದೆ. ನನ್ನ ಹಳೆಯ ಹಾಳೆಗಳು ಅರ್ಧಕ್ಕೆ ನಿಂತದ್ದಕ್ಕೆ ಸೋಮಾರಿತನಕ್ಕಿಂತ ಇದೇ ಹೆಚ್ಚಿನ ಕಾರಣವೆಂದು ಈಗ ತಿಳಿಯುತ್ತದೆ. ಚಿತ್ರ ಏಕೆ ಏಳುತ್ತಿಲ್ಲವೆಂದು ಗೊತ್ತಾಗದೆ ಬೇಸರ ಬರುತ್ತಿತ್ತು, ಬೇಸರವನ್ನು ನಾನು ವಿಷಯದ ಮೇಲೆ ಹಾಕುತ್ತಿದ್ದೆ.

ಮಾಡಬೇಕಾದದ್ದು ಹೀಗೆ. ಅದೇ ಕಾಗದದ ತುಂಡಿನ ಮೇಲೆ ಒಂಬತ್ತು ಚೌಕಗಳನ್ನು ಬರೆದು, ಒಂದನೆಯದನ್ನು ಖಾಲಿ ಬಿಟ್ಟು, ಒಂಬತ್ತನೆಯದನ್ನು ನಿಮ್ಮ ಕೈಲಾದಷ್ಟು ಕಪ್ಪು ಮಾಡಿ, ನಡುವಿನವುಗಳನ್ನು ಸಮನಾದ ಮೆಟ್ಟಿಲುಗಳಾಗಿ ತುಂಬಿ. ಈ ಪಟ್ಟಿ ಸದಾ ಕೈಯ ಬಳಿ ಇರಲಿ. ನಂತರ ಚಿತ್ರದಲ್ಲಿ ಅತ್ಯಂತ ಕಪ್ಪಾದ ಜಾಗವನ್ನು ಹುಡುಕಿ. ನನ್ನ ಚಿತ್ರದಲ್ಲಿ ಅದು ಬಾಗಿಲಿನ ಮೇಲ್ಮೂಲೆ. ಅಲ್ಲಿ ಎರಡು ಬೆರಳಗಲದಷ್ಟು ಜಾಗವನ್ನು ಮೊದಲ ವಾರದಲ್ಲೇ ಒಂಬತ್ತನೆಯ ಮೆಟ್ಟಿಲಿನವರೆಗೆ ಒಯ್ಯಿರಿ. ಅತ್ಯಂತ ಬೆಳಕಿನ ಜಾಗವನ್ನೂ ಗುರುತಿಸಿ, ಅದಕ್ಕೆ ಪೆನ್ಸಿಲ್ ತಾಗಿಸುವುದಿಲ್ಲವೆಂದು ನಿಶ್ಚಯಿಸಿ. ಈಗ ಉಳಿದೆಲ್ಲ ಛಾಯೆಗಳಿಗೂ ಎರಡು ಗಡಿಗಳು ದೊರೆತವು. ಹಾಳೆಯ ಮೂಲೆಯಲ್ಲಿ ಆ ಒಂದು ಕಪ್ಪು ತೇಪೆ ಕೆಲವು ದಿನ ಅಸಹ್ಯವಾಗಿ ಕಾಣುತ್ತದೆ, ಸಹಿಸಿಕೊಳ್ಳಿ.

ಕಪ್ಪನ್ನು ಒತ್ತಿ ತರಬಾರದು, ಪದರ ಪದರವಾಗಿ ತರಬೇಕು. 2ಬಿಯಿಂದ ಒಂದು ದಿಕ್ಕಿಗೆ, ಅದರ ಮೇಲೆ ಓರೆಯಾಗಿ ಇನ್ನೊಂದು ದಿಕ್ಕಿಗೆ, ಆಮೇಲೆ ಎಚ್‌ಬಿಯ ಚೂಪು ಮೊನೆಯಿಂದ ಕಾಗದದ ಕುಳಿಗಳಲ್ಲಿ ಉಳಿದ ಬಿಳಿಯನ್ನು ತುಂಬಿ, ಕೊನೆಗೆ 4ಬಿ. ಒತ್ತಿದರೆ ಏನಾಗುತ್ತದೆಂದರೆ, ಗ್ರಾಫೈಟ್‌ನ ಕಣಗಳು ಚಪ್ಪಟೆಯಾದ ಹಲ್ಲೆಗಳಂತಿರುವುದರಿಂದ ಒತ್ತಡಕ್ಕೆ ಅವೆಲ್ಲ ಒಂದೇ ಮಗ್ಗುಲಿಗೆ ಮಲಗಿ ಕನ್ನಡಿಯಂತೆ ಬೆಳಕನ್ನು ತಿರುಗಿಸುತ್ತವೆ. ಕಿಟಕಿಯ ಬಳಿ ನಿಂತು ನೋಡುವವರಿಗೆ ನೀವು ಅಷ್ಟು ಕಷ್ಟಪಟ್ಟು ತಂದ ಕಪ್ಪು ಬೆಳ್ಳಿಯಂತೆ ಮಿರುಗುತ್ತದೆ. ಇಂಗಾಲ ಬೆರೆತ ಪೆನ್ಸಿಲಿಗೆ ಈ ದೋಷ ಕಡಿಮೆ, ಆದರೆ ಅದು ಜಾರುವ ಗ್ರಾಫೈಟಿನ ಮೇಲೆ ಕಚ್ಚಿಕೊಳ್ಳುವುದಿಲ್ಲ. ಹಾಗಾಗಿ ಕಡುಗಪ್ಪಿನ ಜಾಗಗಳಲ್ಲಿ ಅದನ್ನೇ ಮೊದಲು ಹಾಕಿ, ಗ್ರಾಫೈಟನ್ನು ಅಂಚುಗಳಲ್ಲಿ ಅದರೊಳಕ್ಕೆ ಬೆಸೆಯಬೇಕು. ನಾನು ಇದನ್ನು ತಿಳಿದದ್ದು ಬಾಗಿಲಿನ ಎಡ ಅರ್ಧವನ್ನು 4ಬಿಯಿಂದ ತುಂಬಿ ಮುಗಿಸಿದ ಮೇಲೆ. ಚಿತ್ರವನ್ನು ಓರೆಯಾಗಿ ಹಿಡಿದರೆ ಬಾಗಿಲಿನ ಎರಡು ಅರ್ಧಗಳು ಇಂದಿಗೂ ಬೇರೆ ಬೇರೆಯಾಗಿ ಕಾಣುತ್ತವೆ.

ಕೊಡಗಿನ ಮಳೆಗಾಲದ ಬೆಳಕಿನ ಬಗ್ಗೆಯೂ ಇಲ್ಲೇ ಹೇಳಬೇಕು. ಚಿತ್ರಕಲೆಯ ಪಾಠಗಳಲ್ಲಿ ಒಂದು ಕಡೆಯಿಂದ ಬೀಳುವ ಬೆಳಕು, ಇನ್ನೊಂದು ಕಡೆಗೆ ಚಾಚುವ ಸ್ಪಷ್ಟ ನೆರಳು ಎಂದು ಕಲಿಸುತ್ತಾರೆ. ಮೋಡ ಮುಚ್ಚಿದ ಆಕಾಶದ ಕೆಳಗೆ ಅಂಥ ನೆರಳೇ ಇರುವುದಿಲ್ಲ. ಆಕಾಶವೆಲ್ಲ ಒಂದೇ ದೀಪವಾಗಿ ಮೇಲಿನಿಂದ ಬೆಳಗುವುದರಿಂದ ಮೇಲ್ಮುಖವಾದ ಮೈಗಳು ಬೆಳ್ಳಗೆ, ಕೆಳಮುಖವಾದವು ಕಪ್ಪಗೆ ಇರುತ್ತವೆ. ಸೂರಿನ ಅಡಿ, ಐಮರದ ಅಡಿ, ಕೆತ್ತನೆಯ ಸಂದುಗಳಂತಹ ಕಡೆ ಕತ್ತಲು ಶೇಖರವಾಗುತ್ತದೆ. ನಾನು ಅಭ್ಯಾಸಬಲದಿಂದ ಎಡಗಂಬದ ಬಲಕ್ಕೆ ಒಂದು ಗಟ್ಟಿ ನೆರಳು ಹಾಕಿದ್ದೆ. ಮೂರನೆಯ ವಾರ ಕೈಯಾಲೆಯಲ್ಲಿ ಕುಳಿತು ನೋಡಿದಾಗ ಅಲ್ಲಿ ನೆರಳೇ ಇರಲಿಲ್ಲ. ನಾದಿದ ರಬ್ಬರನ್ನು ತಿಕ್ಕದೆ, ಒತ್ತಿ ಒತ್ತಿ ಎತ್ತಿ, ಆ ನೆರಳನ್ನು ತೆಗೆಯಲು ಎರಡು ಸಂಜೆ ಹಿಡಿಯಿತು.

ಛಾಯೆಗಳನ್ನು ಹೋಲಿಸಲು ಕಣ್ಣು ಕಿರಿದು ಮಾಡಿ ನೋಡುವುದು ಹಳೆಯ ಉಪಾಯ. ಮೊಬೈಲಿನಲ್ಲಿ ವಸ್ತುವನ್ನೂ ಚಿತ್ರವನ್ನೂ ಕಪ್ಪು ಬಿಳುಪಿನಲ್ಲಿ ತೆಗೆದು, ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದಾಗಿ ಅಕ್ಕಪಕ್ಕ ಇಟ್ಟು ನೋಡುವುದು ಅಷ್ಟೇ ಒಳ್ಳೆಯ ಹೊಸ ಉಪಾಯ.

6. ಅಂಚುಗಳು, ಮೈಗುಣಗಳು

ಹಿತ್ತಾಳೆ ಹಿತ್ತಾಳೆಯಾಗಿ, ಮರ ಮರವಾಗಿ ಕಾಣುವುದು ವಿವರಗಳಿಂದಲ್ಲ, ಅಂಚುಗಳಿಂದ. ನುಣುಪಾದ ಲೋಹದಲ್ಲಿ ಕಪ್ಪು ಬಿಳುಪುಗಳು ಒಂದಕ್ಕೊಂದು ತಾಗಿಕೊಂಡೇ ಇರುತ್ತವೆ, ಅವುಗಳ ನಡುವಿನ ಗೆರೆ ಚೂಪಾಗಿರುತ್ತದೆ. ಕೈಯಾಡಿ ಸವೆದ ಐಮರದಲ್ಲಿ ಹೊಳಪು ಇದ್ದರೂ ಅದರ ಅಂಚು ನಿಧಾನವಾಗಿ ಕರಗುತ್ತದೆ. ಒದ್ದೆಯಾದ ರೊಬಸ್ಟಾ ಕಾಫಿ ಎಲೆ ಲೋಹಕ್ಕೆ ಹತ್ತಿರ. ಗಾರೆ ಗೋಡೆಯಲ್ಲಿ ಹೊಳಪೇ ಇಲ್ಲ. ಈ ನಾಲ್ಕನ್ನು ನಾಲ್ಕು ಚಿಕ್ಕ ಚೌಕಗಳಲ್ಲಿ ಬೇರೆಯಾಗಿ ಅಭ್ಯಾಸ ಮಾಡಿ, ಆಮೇಲೆ ದೊಡ್ಡ ಹಾಳೆಗೆ ಬನ್ನಿ.

ಎಲ್ಲ ಅಂಚುಗಳನ್ನೂ ಸಮನಾಗಿ ಸ್ಪಷ್ಟಪಡಿಸುವುದು ಶ್ರದ್ಧೆಯುಳ್ಳವರು ಮಾಡುವ ತಪ್ಪು. ಸೂರಿನ ಮಂಗಳೂರು ಹೆಂಚುಗಳನ್ನು ನಾನು ಒಂದೊಂದಾಗಿ ಬರೆಯಲು ತೊಡಗಿ, ನಲವತ್ತನೆಯ ಹೆಂಚಿನ ಹೊತ್ತಿಗೆ ನೋಟವೆಲ್ಲ ಸೂರಿಗೇ ಹೋಗಿ ಅಂಟಿಕೊಳ್ಳುತ್ತಿರುವುದನ್ನು ಕಂಡೆ. ಹತ್ತಿರದ ಏಳೆಂಟು ಹೆಂಚುಗಳನ್ನು ಉಳಿಸಿಕೊಂಡು, ಉಳಿದವುಗಳ ಮೇಲೆ 2ಎಚ್‌ನಿಂದ ಒಂದು ತೆಳು ಪದರ ಹಾಯಿಸಿ ಅಂಚುಗಳನ್ನು ಮುಳುಗಿಸಿದೆ. ದೂರದ ಬೆಟ್ಟಗಳಿಗೂ ಇದೇ ನಿಯಮ: ಹಿಂದೆ ಹೋದಂತೆ ತಿಳಿಯಾಗಬೇಕು, ಅಷ್ಟೇ ಅಲ್ಲ, ಅತಿ ಕಪ್ಪು ಮತ್ತು ಅತಿ ಬಿಳಿ ಎರಡೂ ಅಲ್ಲಿಂದ ಮಾಯವಾಗಬೇಕು.

ಬೆರಳಿನಿಂದ ಉಜ್ಜಿ ನುಣುಪು ಮಾಡುವ ಆಸೆಯನ್ನು ತಡೆಯಿರಿ. ಬೆರಳಿನ ಎಣ್ಣೆ ಕಾಗದಕ್ಕೆ ಇಳಿದರೆ ಅಲ್ಲಿ ಕಲೆ ನಿಲ್ಲುತ್ತದೆ, ರಬ್ಬರಿಗೂ ಹೋಗುವುದಿಲ್ಲ. ಕಾಗದದ ಸುರುಳಿಕಡ್ಡಿಯನ್ನು ಮಂಜಿಗೆ, ಹೊಗೆಗೆ ಬಳಸಬಹುದು. ಮರಕ್ಕೆ ಬಳಸಿದರೆ ಮರ ಮೇಣವಾಗುತ್ತದೆ.

7. ನಡುವಿನ ವಾರಗಳು

ಜುಲೈ ತಿಂಗಳ ಕೊನೆಯಲ್ಲಿ ಚಿತ್ರ ಅರ್ಧವಾಗಿತ್ತು, ಇದು ಯಾವಾಗಲೂ ನಾನು ಕೈಬಿಡುತ್ತಿದ್ದ ಘಟ್ಟ. ಎರಡು ಏರ್ಪಾಡುಗಳು ನನ್ನನ್ನು ದಾಟಿಸಿದವು. ದಿನಕ್ಕೆ ನಲವತ್ತೈದು ನಿಮಿಷಕ್ಕಿಂತ ಹೆಚ್ಚು ಬರೆಯುವುದಿಲ್ಲವೆಂದು ನಿಯಮ ಮಾಡಿಕೊಂಡೆ, ಅದರಿಂದ ಬೇಸರ ಹತ್ತುವ ಮೊದಲೇ ಎದ್ದಿರುತ್ತಿದ್ದೆ. ಏಳುವ ಮುಂಚೆ ನಾಳೆ ಎಲ್ಲಿಂದ ಆರಂಭಿಸಬೇಕು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಬೋರ್ಡಿಗೆ ಸಿಕ್ಕಿಸುತ್ತಿದ್ದೆ: ಐಮರದ ಎಡತುದಿ, 2ಬಿ, ಐದನೆಯ ಮೆಟ್ಟಿಲು. ಕರೆಂಟ್ ಹೋದ ಸಂಜೆಗಳಲ್ಲಿ ಮೇಣದಬತ್ತಿಯಲ್ಲಿ ಬರೆಯಲು ಹೋಗಬೇಡಿ, ಛಾಯೆಗಳ ಲೆಕ್ಕ ತಪ್ಪುತ್ತದೆ. ಆ ಹೊತ್ತಿನಲ್ಲಿ ಪೆನ್ಸಿಲ್ ಕೆತ್ತಿ ಇಟ್ಟುಕೊಳ್ಳಿ. ಬಲಗೈಯವರು ಬೆಳಕು ಎಡದಿಂದ ಬರುವಂತೆ ಕೂತು, ಮೇಲಿನ ಎಡಮೂಲೆಯಿಂದ ಕೆಳಕ್ಕೆ ಸಾಗಬೇಕು, ಅಂಗೈಯ ಅಡಿಗೆ ಯಾವಾಗಲೂ ಒಂದು ಶುಭ್ರ ಹಾಳೆ ಇರಬೇಕು.

8. ಚಿತ್ರ ಬರೆಯದವರಿಗೆ ತೋರಿಸಿ

ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಬೋರ್ಡನ್ನು ಐನ್‌ಮನೆಗೇ ಒಯ್ದು ಪಟ್ಟೆದಾರರ ಮುಂದಿಟ್ಟೆ. ಅವರು ಬಹಳ ಹೊತ್ತು ನೋಡಿ, “ಮೇಷ್ಟ್ರೇ, ಕಂಬ ಚೆಂದ ಬಂದಿದೆ. ಆದರೆ ಇದು ನೆಲದ ಮೇಲೆ ನಿಂತ ಹಾಗೆ ಇಲ್ಲ, ಮೇಲಿಂದ ತೂಗು ಹಾಕಿದ ಹಾಗೆ ಉಂಟಲ್ಲ?” ಎಂದರು.

“ಹೌದಾ ಅಜ್ಜ? ನನಗೆ ಕಾಣಲೇ ಇಲ್ಲ,” ಎಂದೆ.

“ಇಷ್ಟು ಭಾರದ ಮಾಡು ಹೊತ್ತಿರುವ ಕಂಬ ಅಲ್ವಾ ಇದು,” ಎಂದು ಅವರು ಕಂಬದ ಬುಡವನ್ನು ಕೋಲಿನಿಂದ ತಟ್ಟಿ ತೋರಿಸಿದರು.

ಬುಡ ಕಲ್ಲಿಗೆ ಕೂರುವಲ್ಲಿ ಕೂದಲೆಳೆಯಷ್ಟು ಸಪೂರವಾದ ಕಡುಗಪ್ಪು ಸಂದು ಇತ್ತು. ನಾನು ಅಲ್ಲಿ ನಡುಬೂದಿನ ಮೃದುವಾದ ಛಾಯೆ ಹಾಕಿ ಸುಮ್ಮನಾಗಿದ್ದೆ. ಎರಡು ವಸ್ತುಗಳು ಒಂದನ್ನೊಂದು ತಾಗುವ ಕಡೆ ಬೆಳಕು ನುಗ್ಗಲು ದಾರಿಯೇ ಇಲ್ಲದ್ದರಿಂದ ಚಿತ್ರದ ಅತ್ಯಂತ ಕಪ್ಪು ಗೆರೆಗಳಲ್ಲಿ ಒಂದು ಅಲ್ಲಿರಬೇಕು, ಮತ್ತು ಅದು ಹೊರಕ್ಕೆ ಬಂದಂತೆ ಬೇಗ ತಿಳಿಯಾಗಬೇಕು. ಹತ್ತು ನಿಮಿಷದ ಕೆಲಸ, ಕಂಬ ನೆಲಕ್ಕಿಳಿಯಿತು. ಚಿತ್ರಕಾರ ಮಿತ್ರರಿಗೆ ತೋರಿಸಿದ್ದರೆ ಅವರು ಪೆನ್ಸಿಲಿನ ಹೆಸರು ಕೇಳುತ್ತಿದ್ದರು. ಆ ವಸ್ತುವಿನೊಡನೆ ಬದುಕಿದವರಿಗೆ ತೋರಿಸಿ, “ಹೇಗಿದೆ” ಎಂದು ಕೇಳದೆ “ಎಲ್ಲಿ ಸರಿಯಿಲ್ಲ” ಎಂದು ಕೇಳಿ.

9. ನಿಲ್ಲಿಸುವುದು

ಚಿತ್ರವನ್ನು ಒಂದು ವಾರ ಗೋಡೆಗೆ ತಿರುಗಿಸಿಡಿ. ಮತ್ತೆ ನೋಡಿದ ಮೊದಲ ನಿಮಿಷದಲ್ಲಿ ಕಣ್ಣಿಗೆ ಚುಚ್ಚಿದ್ದನ್ನು ಬರೆದುಕೊಳ್ಳಿ. ನನ್ನ ಪಟ್ಟಿಯಲ್ಲಿ ಹದಿನಾಲ್ಕು ಅಂಶಗಳಿದ್ದವು. ಅವುಗಳಲ್ಲಿ ಒಂಬತ್ತನ್ನು ಸರಿಪಡಿಸಿದೆ. ಉಳಿದ ಐದನ್ನು, ಎಡಗಂಬದ ಬಿಳಿ ತೋಡುಗಳನ್ನೂ ಸೇರಿಸಿ, ಮುಟ್ಟಿದರೆ ಕಾಗದ ಕೆಡುತ್ತದೆಂದು ಬಿಟ್ಟೆ. ಪಟ್ಟಿಯಲ್ಲಿಲ್ಲದ ಹೊಸ ವಿವರಗಳನ್ನು ಸೇರಿಸಲು ಕೈ ತುಡಿಯತೊಡಗಿದರೆ ಚಿತ್ರ ಮುಗಿದಿದೆ ಎಂದೇ ಅರ್ಥ.

10. ಫಿಕ್ಸೆಟಿವ್, ಚೌಕಟ್ಟು, ಫೋಟೋ

ಗ್ರಾಫೈಟ್ ಅಳಿಸಿಹೋಗದಂತೆ ಹಿಡಿದಿಡುವ ದ್ರವವಾದ ಫಿಕ್ಸೆಟಿವ್ ಸಿಂಪಡಿಸುವುದನ್ನು ಒಣಹವೆ ಬರುವವರೆಗೆ ಮುಂದೂಡಿ. ಒಮ್ಮೆ ಜುಲೈಯಲ್ಲಿ ಆತುರಪಟ್ಟು ಸಿಂಪಡಿಸಿದ ಬೇರೊಂದು ಚಿತ್ರದ ಕಪ್ಪುಗಳ ಮೇಲೆ ಬೂದಿ ಎರಚಿದಂತೆ ಬಿಳಿ ಪೊರೆ ಕಟ್ಟಿತು; ದ್ರಾವಕ ಬೇಗ ಆರುವಾಗ ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಇಳಿಯುವುದೇ ಇದಕ್ಕೆ ಕಾರಣ. ಈ ಚಿತ್ರವನ್ನು ಬಟರ್ ಪೇಪರ್ ಹೊದಿಸಿ, ರಟ್ಟುಗಳ ನಡುವೆ ಡಿಸೆಂಬರ್‌ವರೆಗೆ ಇಟ್ಟುಕೊಂಡೆ. ಅಂಗಳದಲ್ಲಿ, ಗಾಳಿಗೆ ಬೆನ್ನು ಕೊಟ್ಟು, 30 ಸೆಂಟಿಮೀಟರ್ ದೂರದಿಂದ, ಹಾಳೆಯ ಹೊರಗಿನಿಂದ ಆರಂಭಿಸಿ ಹೊರಗೇ ಮುಗಿಯುವಂತೆ, ಮೂರು ತೆಳು ಸಿಂಪಡಣೆಗಳು ಸಾಕು. ಮೊದಲು ಛಾಯೆಪಟ್ಟಿಯ ಮೇಲೆ ಪರೀಕ್ಷಿಸಿ, ಏಕೆಂದರೆ ಛಾಯೆಗಳು ಸ್ವಲ್ಪ ಗಾಢವಾಗುತ್ತವೆ.

ಚೌಕಟ್ಟು ಹಾಕಿಸುವಾಗ ಗಾಜು ಚಿತ್ರಕ್ಕೆ ತಾಗದಂತೆ ನಡುವೆ ಮೌಂಟ್ ಬೋರ್ಡ್ ಇರಿಸಲು ಹೇಳಿ, ಕೊಟ್ಟು ಬರಬೇಡಿ, ನಿಂತು ನೋಡಿ. ಗಾಜು ನೇರವಾಗಿ ತಾಗಿದ್ದ ನನ್ನ ಒಂದು ಹಳೆಯ ಚಿತ್ರ ಎರಡೇ ಮಳೆಗಾಲದಲ್ಲಿ ಬೂಷ್ಟು ಹಿಡಿಯಿತು. ನೈಋತ್ಯದ ಮಳೆ ಬಡಿಯುವ ಹೊರಗೋಡೆಗೆ ತೂಗು ಹಾಕಬೇಡಿ, ಒಳಗೋಡೆಗೂ ಹಾಕುವಾಗ ಚೌಕಟ್ಟಿನ ಹಿಂದೆ ನಾಲ್ಕು ಕಾರ್ಕ್ ತುಂಡುಗಳನ್ನು ಅಂಟಿಸಿ ಗಾಳಿಯಾಡಲು ಬಿಡಿ. ಫೋಟೋವನ್ನು ಚೌಕಟ್ಟಿಗೆ ಮೊದಲೇ, ಫ್ಲಾಶ್ ಇಲ್ಲದೆ, ಮೋಡದ ಹಗಲಿನಲ್ಲಿ ಜಗಲಿಯ ಅಂಚಿನಲ್ಲಿ ತೆಗೆದರೆ ಮಿರುಗು ಕಾಡುವುದಿಲ್ಲ.

11. ಮುಗಿದ ಚಿತ್ರವನ್ನು ಓದಿ

ಚಿತ್ರ ಮುಗಿದ ವಾರದಲ್ಲೇ, ನೆನಪು ಹಸಿಯಾಗಿರುವಾಗ, ಒಂದು ಬೇರೆ ಹಾಳೆಯಲ್ಲಿ ಮೂರು ವಿಷಯಗಳನ್ನು ಬರೆದಿಡಿ: ಯಾವ ಭಾಗ ಎಣಿಸಿದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡಿತು, ಯಾವ ನಿರ್ಧಾರವನ್ನು ಇನ್ನೂ ಮೊದಲೇ ತೆಗೆದುಕೊಳ್ಳಬೇಕಿತ್ತು, ಯಾವುದನ್ನು ಮತ್ತೆ ಮಾಡಲು ಈಗಲೂ ಬರುವುದಿಲ್ಲ. ಚಿತ್ರದ ಬೆನ್ನಿಗೆ ಬರೆಯಬೇಡಿ, ಒತ್ತು ಮುಂದಕ್ಕೆ ಮೂಡುತ್ತದೆ. ಮೂರನೆಯ ಪ್ರಶ್ನೆಗೆ ಬಂದ ಉತ್ತರವೇ ಮುಂದಿನ ಚಿತ್ರದ ವಿಷಯವಾಗಲಿ. ನನಗೆ ಬರದಿದ್ದದ್ದು ಬಿಳಿಯನ್ನು ಉಳಿಸಿಕೊಳ್ಳುವುದು: ದೀಪದ ಮೇಲಿನ ಅತಿ ದೊಡ್ಡ ಹೊಳಪನ್ನು ಅಕಸ್ಮಾತ್ ಮಸಿ ಮಾಡಿ, ರಬ್ಬರಿನಿಂದ ಹಿಂದಕ್ಕೆ ತಂದಿದ್ದೆ, ಅದು ಕಾಗದದ ಮೂಲ ಬಿಳಿಯಾಗಿ ಮರಳಲೇ ಇಲ್ಲ.

ಹಾಗಾಗಿ ಈ ಬಾರಿ ಕಾಫಿ ಹೂವನ್ನು ಬರೆಯಲು ಹೊರಟಿದ್ದೇನೆ. ಕಪ್ಪು ಹಸಿರಿನ ಎಲೆಗಳ ಮೇಲೆ ಹಾಲುಬಿಳಿ ಹೂಗೊಂಚಲು, ಬಿಳಿಯೆಲ್ಲ ಕಾಗದದ್ದೇ ಆಗಿರಬೇಕು. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಅರಳುವ ಹೂ ಎರಡು ಮೂರು ದಿನ ಮಾತ್ರ ನಿಲ್ಲುವುದರಿಂದ, ಎಲೆಗಳ ಅಭ್ಯಾಸವನ್ನು ಈಗಲೇ ಮುಗಿಸಿ, ಒಂಬತ್ತು ಚೌಕಗಳ ಪಟ್ಟಿಯನ್ನು ಹೊಸ ಕಾಗದದಲ್ಲಿ ಮತ್ತೆ ಬರೆದು, ಹಾಳೆಯನ್ನು ಜೇಬುಗಳಿಗೆ ಸಿಕ್ಕಿಸಿ ಇಟ್ಟಿದ್ದೇನೆ.